ಹೊದಿಸುವುದೋ, ಬಚ್ಚಿಡುವುದೋ?

ಅಬ್ದುಲ್ಲಾ ಇಬ್ನು ಅಬ್ಬಾಸ್(ರ) ಒಮ್ಮೆ ತಮ್ಮ ಶಿಷ್ಯರಾದ ಅತಾ ಬಿನ್ ಅಬೀ ರಬಾಹ್‌ರೊಡನೆ, ಸ್ವರ್ಗವಾಸಿಗಳಲ್ಲಿ ಸೇರಿದ ಓರ್ವ ಮಹಿಳೆಯನ್ನು ತೋರಿಸಲೇ ಎಂದು ಕೇಳಿದರು. ಅತಾ ಒಪ್ಪಿದಾಗ ಅವರು ಕಪ್ಪು ವರ್ಣದ ಓರ್ವ ಮಹಿಳೆಯನ್ನು ತೋರಿಸಿದರು. ಆಕೆಗೆ ಮೂರ್ಛೆ ರೋಗವಿತ್ತು. ಹಿಂದೊಮ್ಮೆ ಆಕೆ ಪ್ರವಾದಿವರ್ಯರ(ಸ) ಬಳಿ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ, ತನಗಾಗಿ ಪ್ರಾರ್ಥಿಸಬೇಕು ಎಂದು ಕೇಳಿಕೊಂಡಿದ್ದಳು. ಪ್ರವಾದಿವರ್ಯರು(ಸ) ಆಕೆಯ ಮುಂದೆ ಎರಡು ದಾರಿಗಳನ್ನಿಟ್ಟರು. ಸಹನೆ ವಹಿಸಿದರೆ ಸ್ವರ್ಗವಿದೆ, ಗುಣವಾಗಬೇಕೆಂದಿದ್ದರೆ ಅದಕ್ಕಾಗಿ ಪ್ರಾರ್ಥಿಸುತ್ತೇನೆ ಎಂದರು. ಆಕೆ ಸಹನೆಯನ್ನು ಆರಿಸಿಕೊಂಡಳು. ಆದರೆ ಮೂರ್ಛೆಯ ವೇಳೆ ತನ್ನ ಮೈ ಬಯಲಾಗದಂತೆ ಪ್ರಾರ್ಥಿಸಿರೆಂದು ಮತ್ತೆ ಬೇಡಿದಳು. ಪ್ರವಾದಿವರ್ಯರು(ಸ) ಅದಕ್ಕಾಗಿ ಪ್ರಾರ್ಥಿಸಿದರು. ಸಹೀಹುಲ್ ಬುಖಾರಿಯಲ್ಲಿ ರೋಗಿಗಳ ಕುರಿತಾದ ಅಧ್ಯಾಯದಲ್ಲಿ ಈ ಹದೀಸ್ ಇದೆ.

ಪ್ರಿಯ ಓದುಗರೇ, ಈ ಘಟನೆಯನ್ನು ನೀವು ಹಲವು ಬಾರಿ ಕೇಳಿರಬಹುದು. ಸಹನೆಯ ಮಹತ್ವವನ್ನು ವಿವರಿಸುವಾಗಲೆಲ್ಲಾ ನಾವು ಇದನ್ನು ಹೇಳುತ್ತೇವೆ. ನಾನೂ ಹೇಳಿದ್ದೇನೆ. ಹೀಗೆ ಹೇಳುತ್ತಿದ್ದ ದಿನಗಳಲ್ಲೇ ಮೂರ್ಛೆ ರೋಗವಿದ್ದ ಒಂದು ಮಗುವನ್ನು ನಾನು ನನ್ನ ತರಗತಿಯಿಂದ ಹೊರಗಿಟ್ಟಿದ್ದೆ. ಆ ಎರಡು ಸಂಗತಿಗಳ ನಡುವೆ ಏನಾದರೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ಅಕ್ಷರ ಬಾರದ ಓರ್ವ ತಾಯಿ.

ನನ್ನ ಬೆತ್ತದ ಲೆಕ್ಕ

ನಾನು ಬೆಳಿಗ್ಗೆ ಮದ್ರಸದಲ್ಲಿ ಕಲಿಸುತ್ತೇನೆ, ಹಗಲು ಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ಕೆಲವು ವರ್ಷಗಳ ಹಿಂದೆ ಮೂರನೆಯ ತರಗತಿಯ ಓರ್ವ ಹುಡುಗ ಎರಡೂ ಕಡೆ ನನ್ನ ಬಳಿಯೇ ಕಲಿಯುತ್ತಿದ್ದ. ಅವನ ಸ್ವರ ಚೆನ್ನಾಗಿತ್ತು. ಆದರೆ ಕುರ್‌ಆನ್ ಓದುವಾಗ ಆಯತ್‌ನ ನಡುವೆಯೇ ನಿಂತುಬಿಡುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು. ರೆಪ್ಪೆ ತುಸು ಅದುರುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಹತ್ತು ಹದಿನೈದು ಸೆಕೆಂಡುಗಳ ಬಳಿಕ ಏನೂ ಆಗದವನಂತೆ ಮುಂದುವರಿಸುತ್ತಿದ್ದ. ಕೆಲವೊಮ್ಮೆ ಎಲ್ಲಿಗೆ ನಿಲ್ಲಿಸಿದ್ದೇನೆಂದು ತಿಳಿಯದೆ ಪುಟದ ಮೇಲೆ ಬೆರಳಾಡಿಸುತ್ತಿದ್ದ. ಶಾಲೆಯಲ್ಲಿ ಉಕ್ತಲೇಖನ ಬರೆಸಿದರೆ ನಡುವೆ ಒಂದೆರಡು ಪದಗಳು ಬಿಟ್ಟುಹೋಗಿರುತ್ತಿದ್ದವು.

ನಾನದನ್ನು ಹುಡುಗಾಟ ಎಂದುಕೊಂಡೆ. ಬಳಿಕ ಸೊಕ್ಕು ಎಂದುಕೊಂಡೆ. ಅವನು ನಿಂತಾಗಲೆಲ್ಲಾ ಅಂಗೈಗೆ ಒಂದು ಏಟು ಬೀಳುತ್ತಿತ್ತು. ಯಾಕೆ ಹೊಡೆಯುತ್ತಿದ್ದಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವನ ಪಾಲಿಗೆ ಆ ಹತ್ತು ಸೆಕೆಂಡುಗಳು ನಡೆದೇ ಇರಲಿಲ್ಲ. ಆಶ್ಚರ್ಯದಿಂದ ನನ್ನನ್ನು ನೋಡುತ್ತಿದ್ದ. ಆ ನೋಟವನ್ನೂ ನಾನು ಅಹಂಕಾರವೆಂದೇ ಓದಿದೆ.

ಒಂದು ದಿನ ಮದ್ರಸದಲ್ಲೇ ಅವನು ಕೂಗಿ ನೆಲಕ್ಕೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು. ಬಾಯಲ್ಲಿ ನೊರೆ ಬಂತು. ಬಟ್ಟೆ ಒದ್ದೆಯಾಯಿತು. ಮಕ್ಕಳು ಕಿರುಚಿ ಹೊರಗೋಡಿದರು. ನಾನೇನು ಮಾಡಿದೆ? ಕೇಳಿ ಬಲ್ಲದ್ದನ್ನೇ ಮಾಡಿದೆ. ಕೈಗೆ ಬೀಗದ ಕೈಗೊಂಚಲು ತುರುಕಿದೆ. ಇಬ್ಬರು ದೊಡ್ಡ ಹುಡುಗರಿಂದ ಕೈಕಾಲು ಅದುಮಿ ಹಿಡಿಸಿದೆ. ಹಲ್ಲುಗಳ ನಡುವೆ ಚಮಚ ತೂರಿಸಲು ನೋಡಿದೆ. ಅವನ ತುಟಿ ಒಡೆದು ರಕ್ತ ಬಂತು. ಎರಡು ಮೂರು ನಿಮಿಷಗಳಲ್ಲಿ ಅದು ತಾನಾಗಿಯೇ ನಿಂತಿತು. ನನ್ನ ಕೀಲಿ ಕೈಯಿಂದ ನಿಂತಿತೆಂದು ನಾನು ನಂಬಿದೆ.

ಅವನ ಒದ್ದೆಯಾದ ಬಟ್ಟೆಯ ಮೇಲೆ ಒಂದು ಶಾಲು ಹೊದಿಸಬೇಕೆಂದು ಮಾತ್ರ ನನಗೆ ತೋಚಲಿಲ್ಲ. ಕಿಟಕಿಯ ಸರಳುಗಳ ನಡುವಿನಿಂದ ಇಡೀ ತರಗತಿ ನೋಡುತ್ತಿತ್ತು.

ಸಂಜೆ ಅವನ ತಂದೆಗೆ ಹೇಳಿಕಳುಹಿಸಿದೆ. ಪೂರ್ಣ ಗುಣವಾದ ಮೇಲೆ ಕಳುಹಿಸಿದರೆ ಸಾಕು, ಬೇರೆ ಮಕ್ಕಳು ಹೆದರುತ್ತಾರೆ, ಏನಾದರೂ ಅನಾಹುತವಾದರೆ ಯಾರು ಹೊಣೆ ಎಂದೆ. ಶಾಲೆಯಲ್ಲೂ ಅದೇ ಮಾತು ಹಬ್ಬಿತು. ಹಬ್ಬಿಸಿದವನೂ ನಾನೇ. ತಂದೆ ಮರುಮಾತಾಡಲಿಲ್ಲ. ಹುಡುಗ ಮನೆಯಲ್ಲುಳಿದ. ಒಂದೂವರೆ ವರ್ಷ ಉಳಿದ.

ತಾಯಿಯ ಪ್ರಶ್ನೆ

ಆ ವೇಳೆಗೆ ಮಹಿಳೆಯರಿಗಾಗಿ ಏರ್ಪಡಿಸಿದ್ದ ಒಂದು ಕಾರ್ಯಕ್ರಮದಲ್ಲಿ ನಾನು ಸಹನೆಯ ಕುರಿತು ಮಾತನಾಡಿದೆ. ಆರಂಭದಲ್ಲಿ ಹೇಳಿದ ಹದೀಸನ್ನು ವಿವರಿಸಿದೆ. ಮರುದಿನ ಆ ಹುಡುಗನ ತಾಯಿ ಮದ್ರಸದ ಗೇಟಿನ ಬಳಿ ಬಂದು ನಿಂತರು. ಅವರ ಮಾತಿನಲ್ಲಿ ದೂರಿನ ದನಿ ಇರಲಿಲ್ಲ. ಅವರಿಗೆ ತಿಳಿಯಬೇಕಿದ್ದದ್ದು ಇಷ್ಟೇ: ಉಸ್ತಾದ್, ಆ ಮಹಿಳೆಗೆ ಪ್ರವಾದಿಯವರು(ಸ) ಮನೆಯಲ್ಲೇ ಇರು, ಮಸೀದಿಯ ಕಡೆ ಬರಬೇಡ ಎಂದು ಹೇಳಿದ್ದರೇ?

ನನಗೆ ಉತ್ತರ ಗೊತ್ತಿತ್ತು. ಹೇಳಿರಲಿಲ್ಲ. ಹೇಳಿದ್ದರೆ ಆ ಹದೀಸೇ ನಮಗೆ ತಲುಪುತ್ತಿರಲಿಲ್ಲ. ಇಬ್ನು ಅಬ್ಬಾಸ್(ರ) ಆಕೆಯನ್ನು ತಮ್ಮ ಶಿಷ್ಯನಿಗೆ ತೋರಿಸಿದ್ದು ಪ್ರವಾದಿವರ್ಯರ(ಸ) ನಿಧನಾನಂತರ, ಎಷ್ಟೋ ವರ್ಷಗಳ ಬಳಿಕ. ಅಂದರೆ ಆಕೆ ಅಷ್ಟೂ ಕಾಲ ಜನರ ನಡುವೆ ಓಡಾಡಿಕೊಂಡಿದ್ದಳು. ಬುಖಾರಿಯ ಅದೇ ಭಾಗದಲ್ಲಿ ಇನ್ನೊಂದು ವರದಿಯಿದೆ. ಉಮ್ಮು ಝುಫರ್ ಎಂಬ ಆ ಎತ್ತರದ ಕಪ್ಪು ಮಹಿಳೆಯನ್ನು ಕಅಬಾದ ಪರದೆಯ ಬಳಿ ಕಂಡೆನೆಂದು ಅತಾ ತಿಳಿಸಿದ್ದಾರೆ. ಓದುಗರೇ, ಯೋಚಿಸಿ ನೋಡಿ. ಯಾವ ಕ್ಷಣದಲ್ಲಾದರೂ ನೆಲಕ್ಕುರುಳಬಹುದಾದ ಓರ್ವ ಮಹಿಳೆ ನಿಂತಿದ್ದುದು ಲೋಕದ ಜನರೆಲ್ಲ ಬಂದು ಸೇರುವ ಜಾಗದಲ್ಲಿ. ಯಾರೂ ಆಕೆಯನ್ನು ತಡೆದಿರಲಿಲ್ಲ.

ಇನ್ನೊಂದು ಮಾತು. ಆಕೆ ಎರಡನೆಯ ಬಾರಿ ಬೇಡಿದ್ದು ಏನನ್ನು? ತನ್ನ ರೋಗ ಯಾರಿಗೂ ತಿಳಿಯದಿರಲಿ ಎಂದಲ್ಲ. ತಾನು ಬಿದ್ದಾಗ ತನ್ನ ಮಾನ ಹೋಗದಿರಲಿ ಎಂದು. ರೋಗದ ವಿಷಯವನ್ನು ಆಕೆ ತಾನಾಗಿಯೇ ಬಂದು ಹೇಳಿಕೊಂಡಿದ್ದಳು. ಆಕೆಗೆ ಬೇಕಿದ್ದದ್ದು ಹೊದಿಕೆ. ನಾವಾದರೋ ಮಗುವನ್ನು ಹೊದಿಸುವುದನ್ನು ಬಿಟ್ಟು ಬಚ್ಚಿಡುತ್ತೇವೆ. ಕನ್ನಡದಲ್ಲಿ ಈ ಎರಡಕ್ಕೂ ‘ಮುಚ್ಚುವುದು’ ಎಂಬ ಒಂದೇ ಪದ ಸಾಕಾಗುತ್ತದೆ. ಆದ್ದರಿಂದಲೇ ನಮಗೆ ಇವುಗಳ ಅಂತರ ಮರೆತುಹೋಗಿದೆಯೋ ಏನೋ. ಹೊದಿಸುವವನು ಬಿದ್ದವನ ಪಕ್ಕದಲ್ಲಿ ಕುಳಿತಿರುತ್ತಾನೆ. ಬಚ್ಚಿಡುವವನು ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾನೆ.

ಸಹನೆ ಯಾರದ್ದು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಆ ಮಹಿಳೆ ರೋಗ ಗುಣವಾಗುವುದಕ್ಕಿಂತ ಸಹನೆಯನ್ನೇ ಮೇಲೆಂದು ಕಂಡಳಲ್ಲವೇ, ಹಾಗಿರುವಾಗ ನಮ್ಮ ಮಕ್ಕಳಿಗೂ ಸಹನೆಯನ್ನೇ ಬೋಧಿಸಿ ಸುಮ್ಮನಿರಬಾರದೇಕೆ? ಹಲವು ಮನೆಗಳಲ್ಲಿ ಈ ಮಾತನ್ನು ಕೇಳಿದ್ದೇನೆ. ಆದರೆ ಇದರಲ್ಲಿ ಒಂದು ದೊಡ್ಡ ತಪ್ಪಿದೆ. ಆಕೆ ಪ್ರಾಯಕ್ಕೆ ಬಂದ ಮಹಿಳೆ. ಆಕೆಯನ್ನು ಕೇಳಲಾಯಿತು. ಆಯ್ಕೆ ಮಾಡಿದ್ದು ಆಕೆಯೇ. ಎಂಟು ವರ್ಷದ ಮಗುವನ್ನು ಯಾರು ಕೇಳಿದ್ದಾರೆ? ಸ್ವಂತ ನೋವನ್ನು ಸಹಿಸಿದರೆ ಅದು ಸಹನೆ. ನನ್ನ ಸುಪರ್ದಿಯಲ್ಲಿರುವ ಮಗುವಿನ ನೋವನ್ನು ನಾನು ಸಹಿಸಿಕೊಂಡಿದ್ದೇನೆಂದರೆ ಅದು ಸಹನೆಯಲ್ಲ, ಉದಾಸೀನ. ಚಿಕಿತ್ಸೆ ಮಾಡಿಸಿರೆಂದು ಪ್ರವಾದಿವರ್ಯರು(ಸ) ಅಲ್ಲಾಹನ ದಾಸರಿಗೆ ಸ್ಪಷ್ಟವಾಗಿ ಹೇಳಿರುವಾಗ, ಮಗುವಿನ ಪರವಾಗಿ ರೋಗವನ್ನು ಆರಿಸಿಕೊಳ್ಳುವ ಅಧಿಕಾರ ನಮಗೆಲ್ಲಿಂದ ಬಂತು?

ಎರಡನೆಯ ಆಕ್ಷೇಪ ಇನ್ನೂ ಸಾಮಾನ್ಯವಾದದ್ದು. ಇದು ಜಿನ್ನ್‌ನ ಬಾಧೆ, ಮಂತ್ರಿಸಿದ ನೀರು, ನೂಲು, ತಗಡು ಸಾಕು ಎನ್ನುವುದು. ಜಿನ್ನ್‌ಗಳ ಅಸ್ತಿತ್ವವನ್ನು ನಾವು ನಂಬುತ್ತೇವೆ. ಅದಕ್ಕೂ ವೈದ್ಯರ ಬಳಿ ಹೋಗದಿರುವುದಕ್ಕೂ ಸಂಬಂಧವಿಲ್ಲ. ಇಮಾಮ್ ಇಬ್ನುಲ್ ಖಯ್ಯಿಮ್(ರ) ತಮ್ಮ ‘ಝಾದುಲ್ ಮಆದ್’ ಗ್ರಂಥದಲ್ಲಿ ಮೂರ್ಛೆಯಲ್ಲಿ ಎರಡು ಬಗೆಗಳನ್ನು ಹೇಳಿ, ಅವುಗಳಲ್ಲೊಂದು ದೇಹದ ಕಾರಣಗಳಿಂದ ಬರುವಂಥದ್ದು, ವೈದ್ಯರು ಚರ್ಚಿಸುವುದು ಅದನ್ನೇ ಎಂದಿದ್ದಾರೆ. ಅವರಿಗಿಂತ ಮೂರು ಶತಮಾನ ಮುಂಚೆ ಇಬ್ನು ಸೀನಾ (980–1037) ತಮ್ಮ ವೈದ್ಯಗ್ರಂಥ ‘ಅಲ್ ಖಾನೂನ್’ನಲ್ಲಿ ಇದನ್ನು ಮೆದುಳಿಗೆ ಸಂಬಂಧಿಸಿದ ರೋಗವೆಂದು ಪರಿಗಣಿಸಿ ವಿವರಿಸಿದ್ದಾರೆ. ನಮ್ಮ ಹಿರಿಯರಿಗೆ ತಿಳಿದಿದ್ದುದನ್ನು ನಾವು ಮರೆತಿದ್ದೇವೆ.

ಕರ್ನಾಟಕದ್ದೇ ಒಂದು ಉದಾಹರಣೆ ಕೊಡುತ್ತೇನೆ. ಕೆಲವು ಮಕ್ಕಳಿಗೆ ಬಚ್ಚಲಮನೆಯಲ್ಲಿ ಮಾತ್ರ ಮೂರ್ಛೆ ಬರುತ್ತದೆ. ಬಚ್ಚಲು ಜಿನ್ನ್‌ಗಳ ಜಾಗ, ಅಲ್ಲಿ ಏನೋ ತಗಲಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಕಾಣಿಸಿಕೊಳ್ಳುವ ಈ ಬಗೆಯ ಮೂರ್ಛೆ ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ನಮ್ಮ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಹೆಚ್ಚು. ಬೆಂಗಳೂರಿನ ವೈದ್ಯರು ದಶಕಗಳಿಂದ ಇದನ್ನು ಅಭ್ಯಸಿಸಿ ಬರೆದಿದ್ದಾರೆ. ಹಲವರಿಗೆ ತಲೆಗೆ ಸುರಿಯುವ ನೀರಿನ ಬಿಸಿ ಕಡಿಮೆ ಮಾಡುವುದೇ ಅರ್ಧ ಚಿಕಿತ್ಸೆ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ಇದು ತಿಳಿಯದೆ ಎಷ್ಟು ಮಕ್ಕಳ ಕೊರಳಿಗೆ ನಾವು ತಗಡು ಕಟ್ಟಿರಬಹುದು?

ವೈದ್ಯರ ಕೋಣೆಯಲ್ಲಿ

ಆ ತಾಯಿಯ ಪ್ರಶ್ನೆಯ ಬಳಿಕ ನಾನು ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ನಗರದ ನರರೋಗ ವೈದ್ಯರಲ್ಲಿಗೆ ಹೋದೆ. ಒಂದು ಪ್ರಾಯಶ್ಚಿತ್ತವೆಂದು ಹೋದದ್ದು. ವೈದ್ಯರು ದೊಡ್ಡ ಮೂರ್ಛೆಯ ವಿಷಯ ಕೇಳಿದ ಬಳಿಕ, ಇವನು ಮಾತನಾಡುತ್ತಲೋ ಓದುತ್ತಲೋ ನಡುವೆ ನಿಂತುಬಿಡುವುದುಂಟೇ, ದಿನಕ್ಕೆ ಎಷ್ಟು ಬಾರಿ, ಎಷ್ಟು ಹೊತ್ತು ಎಂದು ವಿಚಾರಿಸಿದರು. ತಂದೆಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಒಂದೂವರೆ ಗಂಟೆಯ ತರಗತಿಯಲ್ಲಿ ಎಂಟು ಹತ್ತು ಬಾರಿ ಎಂದೆ. ಅದು ನನ್ನ ಬೆತ್ತದ ಲೆಕ್ಕ. ಅದೇ ವೈದ್ಯರಿಗೆ ರೋಗದ ಚರಿತ್ರೆಯಾಯಿತು.

ಅವರು ಹುಡುಗನಿಗೆ ಜೋರಾಗಿ ಉಸಿರೆಳೆದು ಬಿಡುತ್ತಿರಲು ಹೇಳಿದರು. ಎರಡು ನಿಮಿಷವಾಗಿರಬೇಕು. ಅವನು ತಟ್ಟನೆ ನಿಂತ. ಅದೇ ತೆರೆದ ಕಣ್ಣು, ಅದೇ ಅದುರುವ ರೆಪ್ಪೆ. ನಾನು ಸೊಕ್ಕೆಂದು ಓದಿದ್ದ ಮುಖ. ವೈದ್ಯರು ಗಡಿಯಾರ ನೋಡಿಕೊಂಡು, ಇದೂ ಮೂರ್ಛೆಯೇ ಎಂದರು. ಬೀಳದೆ, ಅದುರದೆ, ಕೆಲವೇ ಸೆಕೆಂಡು ಅರಿವು ತಪ್ಪುವ ಈ ಬಗೆ ಹೆಚ್ಚಾಗಿ ಶಾಲೆಗೆ ಹೋಗುವ ಪ್ರಾಯದಲ್ಲೇ ಆರಂಭವಾಗುತ್ತದಂತೆ. ದಿನಕ್ಕೆ ಹತ್ತಾರು ಬಾರಿ ಬರಬಹುದಂತೆ. ಅದನ್ನು ಮೊದಲು ಗುರುತಿಸಬಲ್ಲವರು ಹಲವೊಮ್ಮೆ ಅಧ್ಯಾಪಕರೇ ಎಂದೂ ಹೇಳಿದರು. ನಾನು ತಲೆ ತಗ್ಗಿಸಿದೆ. ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯಾಯಿತು. ದಿನಕ್ಕೆ ಎರಡು ಹೊತ್ತಿನ ಮಾತ್ರೆ ಬರೆದುಕೊಟ್ಟರು.

ಈ ರೋಗಕ್ಕೆ ಮದ್ದಿಲ್ಲ, ಇದ್ದರೂ ಅದು ಬಡವರಿಗೆ ಎಟುಕದು ಎಂಬ ಭಾವನೆ ನಮ್ಮಲ್ಲಿದೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ಅವರಲ್ಲಿ ಶೇ. 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1990ರ ದಶಕದಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಮ್ಮ ಯಳಂದೂರು ತಾಲೂಕಿನ ಹಳ್ಳಿಗಳಲ್ಲೇ ಇದನ್ನು ಮಾಡಿ ತೋರಿಸಿದರು. ದುಬಾರಿ ಔಷಧಿಗಳನ್ನಲ್ಲ, ಬಹು ಹಿಂದಿನಿಂದ ಬಳಕೆಯಲ್ಲಿರುವ ಕಡಿಮೆ ಬೆಲೆಯ ಫಿನೋಬಾರ್ಬಿಟಾಲ್ ಮತ್ತು ಫಿನಿಟಾಯಿನ್ ಮಾತ್ರೆಗಳನ್ನು ಅವರು ಕೊಟ್ಟದ್ದು. ಹಳ್ಳಿಯ ಬಡವರಲ್ಲೂ ರೋಗ ಹತೋಟಿಗೆ ಬರುತ್ತದೆಂಬ ಅವರ ವರದಿ 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಳಂದೂರಿನಲ್ಲಿ ಆದದ್ದು ನಮ್ಮೂರಿನಲ್ಲಿ ಆಗದೇಕೆ? ಮಾತ್ರೆಯನ್ನು ದಿನ ತಪ್ಪದೆ ಕೊಡಬೇಕು. ಮೂರ್ಛೆ ಬರುವುದು ನಿಂತಿತೆಂದು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಾಗ ರೋಗ ಮೊದಲಿಗಿಂತ ಜೋರಾಗಿ ಮರಳುವುದುಂಟು.

ಹೇಳಬೇಕೇ, ಮುಚ್ಚಿಡಬೇಕೇ?

ಈಗ ಹೆತ್ತವರನ್ನು ಕಾಡುವ ಪ್ರಶ್ನೆಗೆ ಬರೋಣ. ಮಗುವಿಗೆ ಈ ರೋಗವಿದೆಯೆಂದು ಶಾಲೆಗೂ ಮದ್ರಸಕ್ಕೂ ತಿಳಿಸಬೇಕೇ? ಹೆಣ್ಣು ಮಗುವಾದರಂತೂ ನಾಳೆಯ ಮದುವೆಯ ಚಿಂತೆ ಇಂದೇ ಬಾಯಿ ಕಟ್ಟುತ್ತದೆ. ಈ ಭಯ ಹುಸಿಯಲ್ಲ. ನಮ್ಮ ದೇಶದ ಕಾನೂನಿನಲ್ಲೇ, ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ, ಮೂರ್ಛೆ ರೋಗವು ಮದುವೆಗೆ ಅಡ್ಡಿಯಾಗಿತ್ತು. ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿಯಲ್ಲಿ. ಕಾನೂನೇ ಅಷ್ಟು ತಡವಾಗಿ ಎಚ್ಚೆತ್ತಿರುವಾಗ ನೆರೆಹೊರೆಯ ನಾಲಗೆ ಎಷ್ಟು ಬೇಗ ತಿದ್ದಿಕೊಂಡೀತು?

ಇತರರ ಕೊರತೆಯನ್ನು ಮರೆಮಾಚುವವನ ಕೊರತೆಯನ್ನು ಅಲ್ಲಾಹನು ಮರೆಮಾಚುವನೆಂಬ ಹದೀಸ್‌ನ ಆಶಯವನ್ನು ಕೆಲವರು ಇಲ್ಲಿ ನೆನಪಿಸುತ್ತಾರೆ. ಆದರೆ ಅದು ತಪ್ಪುಗಳ, ಪಾಪಗಳ ವಿಷಯ. ರೋಗ ಪಾಪವಲ್ಲ. ಮೂರ್ಛೆಯಲ್ಲಿರುವ ಮಗುವಿನ ಮೇಲೆ ಯಾವ ಲೇಖನಿಯೂ ಏನನ್ನೂ ದಾಖಲಿಸುವುದಿಲ್ಲ. ಇದು ಅಂಟುರೋಗವೂ ಅಲ್ಲ. ನೊರೆ ತಾಗಿದರೂ, ಒಟ್ಟಿಗೆ ಕುಳಿತು ಉಂಡರೂ ಹರಡುವುದಿಲ್ಲ. ಕುರುಡರು, ಕುಂಟರು, ರೋಗಿಗಳು ಇತರರೊಂದಿಗೆ ಕೂಡಿ ಉಣ್ಣುವುದರಲ್ಲಿ ದೋಷವಿಲ್ಲವೆಂದು ಪವಿತ್ರ ಕುರ್‌ಆನ್ (24:61) ಹೆಸರಿಸಿಯೇ ಸಾರಿದೆ. ಊಟದ ಚಾಪೆಯಲ್ಲಿ ಜಾಗವಿರುವವರಿಗೆ ಪಾಠದ ಚಾಪೆಯಲ್ಲಿ ಜಾಗವಿಲ್ಲವೆಂದು ಹೇಳಲು ಯಾವ ಪ್ರಮಾಣವಿದೆ?

ಹಾಗಾಗಿ ಹೆತ್ತವರಿಗೆ ನನ್ನ ವಿನಂತಿ: ಊರಿಗೆಲ್ಲಾ ಹೇಳಬೇಕಾಗಿಲ್ಲ. ಆದರೆ ಮಗು ದಿನದ ಆರು ಗಂಟೆ ಯಾರ ಕೈಯಲ್ಲಿರುತ್ತದೋ ಅವರಿಗೆ ಹೇಳಲೇಬೇಕು. ಮೂರ್ಛೆ ಹೇಗೆ ಬರುತ್ತದೆ, ಎಷ್ಟು ಹೊತ್ತಿರುತ್ತದೆ, ಯಾವ ಮಾತ್ರೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಡಿ. ತಿಳಿಸದೆ ಕಳುಹಿಸಿದರೆ ಮಗು ಬಿದ್ದ ದಿನ ನನ್ನಂತಹ ಅಜ್ಞಾನಿಯ ಕೈಯ ಚಮಚಕ್ಕೆ ಸಿಗುತ್ತದೆ.

ಆದರೆ ಈ ಕರ್ತವ್ಯವನ್ನು ಹೆತ್ತವರ ಮೇಲೆ ಮಾತ್ರ ಹೊರಿಸಿ ನಾನು ಕೈತೊಳೆದುಕೊಳ್ಳಲಾರೆ. ಸತ್ಯ ಹೇಳಿದ ಮರುದಿನವೇ ಮಗುವನ್ನು ಮನೆಗೆ ಕಳುಹಿಸುವವರಾದರೆ ಸತ್ಯ ಹೇಳಿರೆಂದು ಕೇಳುವ ಹಕ್ಕು ನಮಗಿದೆಯೇ? ಖಾಸಗಿಯಾಗಿ ಹೇಳಿದ ಮಾತು ಅಮಾನತ್ ಎಂಬುದು ನಮ್ಮ ಪಾಠ. ಆ ಅಮಾನತ್ತನ್ನು ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಕೊಳ್ಳುವವನು ಹೆತ್ತವರ ಮೌನವನ್ನು ದೂರುವಂತಿಲ್ಲ. ಅವರು ಬಚ್ಚಿಡಲು ಕಲಿತದ್ದು ನಾವು ಹೊದಿಸಲು ಕಲಿಯದ ಕಾರಣ.

ಕಾನೂನು ಮತ್ತು ಅದರಾಚೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕನ್ನಾಗಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವಂತಿಲ್ಲ. ಗುಣವಾದ ಮೇಲೆ ಬಾ ಎಂದು ನಾನು ಹೇಳಿಕಳುಹಿಸಿದ್ದೂ, ಬೆತ್ತ ಬೀಸಿದ್ದೂ ಶಾಲೆಯ ಮಟ್ಟಿಗೆ ಈ ಕಾಯ್ದೆಗೆ ವಿರುದ್ಧವೇ. ಧಾರ್ಮಿಕ ಶಿಕ್ಷಣ ನೀಡುವ ಮದ್ರಸಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2012ರ ತಿದ್ದುಪಡಿ ಹೇಳುತ್ತದೆ. ಆದರೆ ಕಾನೂನಿನ ಕೈ ತಲುಪದ ಜಾಗಕ್ಕೆ ಅಲ್ಲಾಹನ ಭಯ ತಲುಪಬೇಕಲ್ಲವೇ? ಕಾನೂನಿಲ್ಲದ ಕಡೆಯಲ್ಲೇ ನಮ್ಮ ವಿಶ್ವಾಸದ ನಿಜವಾದ ಪರೀಕ್ಷೆ ನಡೆಯುವುದು.

ಏನಾದರೂ ಆದರೆ ಯಾರು ಹೊಣೆ ಎಂಬ ಅಧ್ಯಾಪಕರ ಭಯವನ್ನು ನಾನು ಬಲ್ಲೆ. ಅದಕ್ಕೆ ಉತ್ತರ ಮಗುವನ್ನು ಹೊರಗಿಡುವುದರಲ್ಲಿಲ್ಲ, ನಾವು ಕಲಿಯುವುದರಲ್ಲಿದೆ. ಕಲಿಯಬೇಕಾದದ್ದೂ ಸ್ವಲ್ಪವೇ. ಮಗು ಬಿದ್ದರೆ ಗಡಿಯಾರ ನೋಡಿಕೊಳ್ಳಿ. ಸುತ್ತಲಿನ ಬೆಂಚು, ಕಲ್ಲುಗಳನ್ನು ಸರಿಸಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ. ಕೊರಳ ಗುಂಡಿ ಸಡಿಲಿಸಿ, ಮಗ್ಗುಲಾಗಿ ಮಲಗಿಸಿ. ಕೈಕಾಲು ಅದುಮಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ, ನಾಲಗೆ ನುಂಗಿಹೋಗುವುದಿಲ್ಲ. ಕಬ್ಬಿಣ, ಚಪ್ಪಲಿ, ಈರುಳ್ಳಿ ಯಾವುದೂ ಬೇಡ. ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸಬೇಡಿ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ಪೆಟ್ಟಾದರೆ, ನೀರಿನಲ್ಲಿ ಬಂದರೆ ಅಥವಾ ಅದು ಮೊದಲ ಬಾರಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೂರ್ಛೆ ನಿಂತ ಬಳಿಕ ಸ್ವಲ್ಪ ಮಲಗಲು ಬಿಡಿ. ಚೇತರಿಸಿಕೊಂಡರೆ ತರಗತಿಗೇ ಮರಳಲಿ. ಪ್ರತಿ ಬಾರಿಯೂ ಮನೆಗೆ ಕಳುಹಿಸಬೇಕೆಂದಿಲ್ಲ. ಎಲ್ಲಕ್ಕಿಂತ ಮೊದಲು ಒಂದು ಹೊದಿಕೆ ಇರಲಿ. ನಮ್ಮ ಮದ್ರಸದ ಕಪಾಟಿನಲ್ಲಿ ಈಗ ಒಂದು ಶಾಲು ಮತ್ತು ಒಂದು ಜೊತೆ ಬಟ್ಟೆ ಸದಾ ಇರುತ್ತದೆ.

ಉಳಿದ ಮಕ್ಕಳಿಗೆ ಏನು ಹೇಳಬೇಕು? ಹೆತ್ತವರ ಮತ್ತು ಮಗುವಿನ ಒಪ್ಪಿಗೆ ಪಡೆದು ಸತ್ಯವನ್ನೇ ಹೇಳಬೇಕು. ಮಕ್ಕಳು ಹೆದರುವುದು ತಿಳಿಯದ್ದಕ್ಕೆ. ಶಾಲು ತರುವುದು ಯಾರು, ಬೆಂಚು ಸರಿಸುವುದು ಯಾರು, ಉಸ್ತಾದರನ್ನು ಕರೆಯುವುದು ಯಾರು ಎಂದು ಹಂಚಿಕೊಟ್ಟರೆ ಓಡುವ ಕಾಲುಗಳೇ ಸೇವೆಗೆ ನಿಲ್ಲುತ್ತವೆ. ಕೆರೆ, ಬಾವಿಕಟ್ಟೆ, ಮರ ಹತ್ತುವುದು, ರಸ್ತೆಯಲ್ಲಿ ಒಂಟಿಯಾಗಿ ಸೈಕಲ್ ಇವುಗಳಲ್ಲಿ ಮಾತ್ರ ಎಚ್ಚರವಿರಲಿ. ನಿದ್ದೆಗೆಟ್ಟರೆ ಹಲವರಿಗೆ ಮೂರ್ಛೆ ಮರುಕಳಿಸುತ್ತದೆ. ಆದ್ದರಿಂದ ಬೆಳಗಿನ ಮದ್ರಸಕ್ಕೆ ಅರ್ಧ ಗಂಟೆ ತಡವಾಗಿ ಬರಲು ಅಂತಹ ಮಗುವಿಗೆ ವಿನಾಯಿತಿ ಕೊಡಿ. ಕೆಲವು ಮಾತ್ರೆಗಳು ಮಂಪರು ತರುತ್ತವೆ, ನೆನಪನ್ನು ನಿಧಾನಗೊಳಿಸುತ್ತವೆ. ಅದನ್ನು ಸೋಮಾರಿತನವೆನ್ನಬೇಡಿ. ರಮಝಾನ್‌ನಲ್ಲಿ ಉಳಿದ ಮಕ್ಕಳನ್ನು ನೋಡಿ ಮಾತ್ರೆ ಬಿಟ್ಟು ಉಪವಾಸ ಹಿಡಿಯಲು ಅವನು ಹಟ ಮಾಡಬಹುದು. ರೋಗಿಗೆ ಅಲ್ಲಾಹನು ಕೊಟ್ಟಿರುವ ರಿಯಾಯಿತಿಯನ್ನು ತಿಳಿಹೇಳಿ. ಕೆಲವು ಮಕ್ಕಳ ರೋಗ ತೀವ್ರವಾಗಿರುತ್ತದೆ, ಜೊತೆಗೆ ಬೇರೆ ತೊಂದರೆಗಳೂ ಇರುತ್ತವೆ. ಅವರಿಗೆ ಪೂರ್ತಿ ದಿನ ಆಗದಿದ್ದರೆ ಅರ್ಧ ದಿನ, ಅದೂ ಆಗದಿದ್ದರೆ ವಾರಕ್ಕೆರಡು ದಿನ. ಬಾಗಿಲು ಮಾತ್ರ ಮುಚ್ಚಬಾರದು.

ತೀರದ ಋಣ

ಆ ಹುಡುಗ ಮರಳಿ ಬಂದ. ಮಾತ್ರೆಯಿಂದ ನಡುನಡುವೆ ನಿಲ್ಲುವುದು ಬಹಳ ಕಡಿಮೆಯಾಯಿತು. ದೊಡ್ಡ ಮೂರ್ಛೆ ಆಮೇಲೆ ಶಾಲೆಯಲ್ಲಿ ಒಮ್ಮೆ ಬಂತು. ಆಗ ಅವನ ಮೇಲೆ ಶಾಲು ಹೊದಿಸಿದ್ದು ಹಿಂದೊಮ್ಮೆ ಕಿಟಕಿಯಿಂದ ನೋಡಿದ್ದ ಹುಡುಗನೇ. ಆದರೆ ಕಳೆದುಹೋದ ಒಂದೂವರೆ ವರ್ಷ ಮರಳಲಿಲ್ಲ. ತನಗಿಂತ ಕಿರಿಯರ ಜೊತೆ ಅವನು ಕುಳಿತ. ನಾನು ಬೆತ್ತ ಬಿಟ್ಟು ವರ್ಷಗಳಾದವು. ಆದರೂ ನನ್ನ ಕೈಯಲ್ಲಿ ಅಳತೆಪಟ್ಟಿ ಇದ್ದರೂ ಸಾಕು, ಅವನ ಅಂಗೈ ತಾನಾಗಿ ಮಡಚಿಕೊಳ್ಳುತ್ತದೆ.

ನಾನು ಅವನಲ್ಲಿ ಕ್ಷಮೆ ಕೇಳಿದೆ. ಅಡ್ಡಿಯಿಲ್ಲ ಉಸ್ತಾದ್ ಎಂದ. ಅಷ್ಟಕ್ಕೆ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮನುಷ್ಯರ ಹಕ್ಕುಗಳ ವಿಷಯದಲ್ಲಿ ಹಕ್ಕುದಾರನೇ ಕ್ಷಮಿಸಬೇಕೆಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಆದರೆ ಒಂದು ಮಗು ತನ್ನ ಉಸ್ತಾದ್‌ಗೆ ಇಲ್ಲವೆನ್ನಬಲ್ಲದೇ? ಇಲ್ಲವೆನ್ನಲಾಗದವನು ಕೊಟ್ಟ ಕ್ಷಮೆಗೆ ಎಷ್ಟು ತೂಕ? ತಿಳಿಯದೆ ಮಾಡಿದ ತಪ್ಪಿಗೆ ಹಿಡಿಯುವುದಿಲ್ಲವೆಂಬ ಅಲ್ಲಾಹನ ಕರುಣೆಯಲ್ಲಿ ನನಗೆ ಭರವಸೆಯಿದೆ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ನನಗೆ ತಿಳಿಯಲಿಲ್ಲ ಎನ್ನುವುದಕ್ಕಿಂತ ನಾನು ವಿಚಾರಿಸಲಿಲ್ಲ ಎನ್ನುವುದೇ ಸರಿ. ಮಗನೇ, ನಿನಗೇನಾಗುತ್ತಿದೆ ಎಂಬ ಒಂದು ಪ್ರಶ್ನೆಯಿಂದ ತೊಲಗಬಹುದಾಗಿದ್ದ ಅಜ್ಞಾನವದು. ಅಂತಹ ಅಜ್ಞಾನ ನೆಪವಾದೀತೇ? ಈ ಪ್ರಶ್ನೆಯನ್ನು ನನ್ನೊಳಗೆ ನಾನಿನ್ನೂ ಮುಗಿಸಿಲ್ಲ. ಅಧ್ಯಾಪಕರಾದ ನೀವೂ, ಹೆತ್ತವರಾದ ನೀವೂ ಇದನ್ನು ನಿಮ್ಮೊಳಗೆ ಕೇಳಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಕೊನೆಯದಾಗಿ, ಈ ಹದೀಸನ್ನು ನಮಗೆ ತಲುಪಿಸಿದ ಅತಾ ಬಿನ್ ಅಬೀ ರಬಾಹ್ ಯಾರೆಂದು ನೆನಪಿಸಿಕೊಳ್ಳೋಣ. ಅವರೂ ಕಪ್ಪು ವರ್ಣದವರು. ಅವರ ಒಂದು ಕೈ ಶಕ್ತಿಯಿಲ್ಲದ್ದು, ನಡೆಯುವಾಗ ಕುಂಟುತ್ತಿದ್ದರು, ಕೊನೆಗೆ ಕಣ್ಣೂ ಹೋಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಅದೇ ಅತಾ ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ಫತ್ವಾ ನೀಡುವ ವಿದ್ವಾಂಸರಾದರು. ಇಬ್ನು ಅಬ್ಬಾಸ್(ರ)ರಂತಹ ಗುರು ಅವರಿಗೆ, ಗುಣವಾದ ಮೇಲೆ ಬಾ ಎಂದು ಹೇಳಲಿಲ್ಲ. ಹೇಳಿದ್ದರೆ ಸಮುದಾಯ ಕಳೆದುಕೊಳ್ಳುತ್ತಿದ್ದುದು ಎಷ್ಟು! ಇಂದು ನಮ್ಮೂರಿನ ಯಾವ ಮನೆಯ ಮುಚ್ಚಿದ ಬಾಗಿಲ ಹಿಂದೆ ಅಂತಹದ್ದೊಂದು ಮಗು ಕುಳಿತಿದೆಯೋ ಯಾರು ಬಲ್ಲರು? ನಾಳೆ ಬೆಳಿಗ್ಗೆ ಹಾಜರಿ ಪುಸ್ತಕ ತೆರೆಯುವಾಗ, ಬಹಳ ದಿನಗಳಿಂದ ಗೈರುಹಾಜರಾದ ಒಂದು ಹೆಸರು ಕಂಡರೆ ದಯವಿಟ್ಟು ಆ ಮನೆಯ ತನಕ ನಡೆದು ಹೋಗಿ ಬನ್ನಿ.

ಅಲ್ಲಾಹನು ನಮ್ಮ ಮಕ್ಕಳ ಮಾನವನ್ನೂ ಆರೋಗ್ಯವನ್ನೂ ಕಾಪಾಡಲಿ. ಬಿದ್ದವರನ್ನು ಹೊದಿಸುವ ಕೈಗಳನ್ನು ನಮಗೆ ಕರುಣಿಸಲಿ. ಆಮೀನ್.